ಅಪ್ಪ ಬೇಡ ಅಂದರಂತೆ

ತಗಡಿನ ಮೇಸ್ತ್ರಿಯ ಕಿವಿ ಹೋದದ್ದು ನಿಧಾನವಾಗಿ, ಯಾರಿಗೂ ಗೊತ್ತಾಗದ ಹಾಗೆ. ಮೀಸೆ ಚಿಗುರುವ ವಯಸ್ಸಿನಲ್ಲಿ ಕಾರ್ಖಾನೆ ಸೇರಿದವನು. ದೊಡ್ಡ ಕಟ್ಟಡಗಳಿಗೆ ಗಾಳಿ ಒಯ್ಯುವ ಕೊಳವೆ, ಹೋಟೆಲುಗಳಿಗೆ ಹೊಗೆಗೂಡು, ನೀರಿನ ತೊಟ್ಟಿ, ಎಲ್ಲವನ್ನೂ ತಗಡು ಕತ್ತರಿಸಿ, ಬಗ್ಗಿಸಿ, ಬಡಿದು ಮಾಡುವ ಜಾಗ ಅದು. ಬೆಳಗಿನಿಂದ ಸಂಜೆವರೆಗೆ ಸುತ್ತಿಗೆಯ ಸದ್ದು ಗೋಡೆಯಿಂದ ಗೋಡೆಗೆ ಹೊಡೆದು ವಾಪಸು ಬರುತ್ತಿತ್ತು. ಅಲ್ಲಿ ಪಿಸುಮಾತು ಅನ್ನುವುದೇ ಇರಲಿಲ್ಲ. ಗುಟ್ಟು ಹೇಳಬೇಕಾದರೂ ಪಕ್ಕದ ಬೀದಿಗೆ ಕೇಳುವಂತೆ ಕಿರುಚಬೇಕು. ಎಲ್ಲರೂ ಕಿರುಚುವ ಕಡೆ ಒಬ್ಬನಿಗೆ ಕಿವಿ ಕೇಳುತ್ತಿಲ್ಲ ಎಂದು ಯಾರಿಗೆ ತಿಳಿಯಬೇಕು? ಮೊದಲು ಗುಬ್ಬಿಗಳ ಚಿಲಿಪಿಲಿ ಹೋಯಿತು, ಆಮೇಲೆ ಬಾಗಿಲಿನ ಕರೆಗಂಟೆ, ಆಮೇಲೆ ಬೆನ್ನ ಹಿಂದಿನಿಂದ ಕರೆದ ಹೆಸರು. ಕೊನೆಗೆ ಎದುರಿಗೆ ಕೂತವರ ಮಾತೂ ಬಾವಿಯೊಳಗಿಂದ ಬಂದ ಹಾಗಾಯಿತು.

ಅದನ್ನು ಅವನು ತಮಾಷೆಯಲ್ಲೇ ಕಳೆದ. "ನನ್ ಹೆಂಡ್ತಿ ಬೈಯೋದನ್ನೇ ಬಿಟ್ಬಿಟ್ಳು, ಎಲ್ಲ ದಂಡ ಅಂತ" ಎಂದು ಕಾರ್ಖಾನೆಯಲ್ಲಿ ಹೇಳಿ ನಗಿಸುತ್ತಿದ್ದ. ಹೆಂಡತಿ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು. ಊರು ಏಳುವ ಮೊದಲೇ ಹೊರಟು, ರೋಗಿಗಳ ಗಂಜಿಗೆ ಅಕ್ಕಿ ತೊಳೆದು, ಮಧ್ಯಾಹ್ನದ ತಟ್ಟೆಗಳೆಲ್ಲ ವಾಪಸು ಬಂದ ಮೇಲೆಯೇ ಮನೆಗೆ ಬರುವವಳು. ಅವಳು ಬರುವಾಗ ಗಂಟಲು ಒಣಗಿರುತ್ತಿತ್ತು. ಗಂಡನಿಗೆ ಕೇಳುವಷ್ಟು ಜೋರಾಗಿ ಮಾತಾಡುವ ತ್ರಾಣ ಇರುತ್ತಿರಲಿಲ್ಲ. ಹಾಗಾಗಿ ಆ ಮನೆಯಲ್ಲಿ ಗಂಡಹೆಂಡಿರ ಮಾತು ಬಹುಪಾಲು ಮಗಳ ಮೂಲಕವೇ ನಡೆಯುತ್ತಿತ್ತು.

ಮಗಳಿಗೆ ಹದಿನೈದು ತುಂಬಿದರೂ ಮನೆಯಲ್ಲಿ ಪಾಪು. ಒಬ್ಬಳೇ ಮಗಳು. ಅಪ್ಪನ ಜೊತೆ ಮಾತಾಡುವ ಕ್ರಮ ಅವಳಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಮೊದಲು ಬಂದು ಎದುರಿಗೆ ನಿಲ್ಲುವುದು, ಅವನ ಮಣಿಕಟ್ಟು ಮುಟ್ಟುವುದು, ಅವನು ತಲೆ ಎತ್ತಿದ ಮೇಲೆ ಸಾಧಾರಣ ದನಿಯಲ್ಲೇ, ತುಟಿ ಬಿಡಿಸಿ, ನಿಧಾನಕ್ಕೆ ಹೇಳುವುದು. ಅವಳ ತುಟಿ ಅವನಿಗೆ ಪುಸ್ತಕದ ಹಾಗೆ. ಬ್ಯಾಂಕಿಗೆ, ಡಾಕ್ಟರ ಹತ್ತಿರ, ಮನೆಯ ಮಾಲೀಕರ ಹತ್ತಿರ ಎಲ್ಲಿಗೆ ಹೋದರೂ ಅವಳು ಜೊತೆಗೆ. ಅವರು ಹೇಳಿದ ಹತ್ತು ಮಾತನ್ನು ಎರಡು ಮಾಡಿ ಅಪ್ಪನಿಗೆ ಹೇಳುವಳು, ಅಪ್ಪ ಹೇಳಿದ ಒಂದನ್ನು ನಯವಾದ ನಾಲ್ಕು ಮಾಡಿ ಅವರಿಗೆ ಹೇಳುವಳು. ಬಿಟ್ಟದ್ದೇನು, ಸೇರಿಸಿದ್ದೇನು ಎಂದು ಮೇಸ್ತ್ರಿ ಯಾವತ್ತೂ ಕೇಳಿದವನಲ್ಲ.

ಆ ಹುಡುಗಿಗೆ ಹಡಗಿನ ಹುಚ್ಚಿತ್ತು. ಚಿಕ್ಕವಳಿದ್ದಾಗ ಅಪ್ಪ ತಂದ ತಗಡಿನ ಚೂರುಗಳನ್ನು ಮಡಚಿ ದೋಣಿ ಮಾಡಿ ಬಕೆಟ್ಟಿನಲ್ಲಿ ಬಿಡುವಳು. ಮುಳುಗಿದರೆ ಬೇರೆ ಮಕ್ಕಳ ಹಾಗೆ ಅಳುವವಳಲ್ಲ. ಎತ್ತಿ, ಒರೆಸಿ, ಯಾವ ಕಡೆ ವಾಲಿ ಮುಳುಗಿತು ಎಂದು ತಿರುಗಿಸಿ ತಿರುಗಿಸಿ ನೋಡುವಳು. ದೊಡ್ಡವಳಾದಂತೆ ಅದು ಲೆಕ್ಕಕ್ಕೆ ತಿರುಗಿತು. ಕಬ್ಬಿಣ ಮುಳುಗುತ್ತದೆ, ಕಬ್ಬಿಣದ ಹಡಗು ಯಾಕೆ ಮುಳುಗುವುದಿಲ್ಲ ಎಂದು ಊಟಕ್ಕೆ ಕೂತಾಗ ಅಪ್ಪನಿಗೆ ತಟ್ಟೆ, ಲೋಟ ಇಟ್ಟು ವಿವರಿಸುವಳು. ಹಡಗು ಕಟ್ಟುವುದನ್ನೇ ಕಲಿಸುವ ಕಾಲೇಜೊಂದು ಸಮುದ್ರದ ದಂಡೆಯ ಊರಿನಲ್ಲಿದೆ, ರೈಲಿನಲ್ಲಿ ಇಡೀ ದಿನದ ದಾರಿ ಎಂದೂ ಅವಳೇ ಹೇಳಿದ್ದಳು. ಮೇಸ್ತ್ರಿಗೆ ಅರ್ಧ ಅರ್ಥವಾಗುತ್ತಿತ್ತು, ಅರ್ಧ ಆಗುತ್ತಿರಲಿಲ್ಲ. ಹೂಂಗುಟ್ಟುತ್ತ, ಮಗಳ ಮುಖ ನೋಡುತ್ತ ಅನ್ನ ಆರಿಸಿಕೊಳ್ಳುತ್ತಿದ್ದ.

ಒಂಬತ್ತನೇ ತರಗತಿಯ ರಜೆಯಲ್ಲಿ ಒಂದು ದಿನ ಅವಳು ಅಪ್ಪನಿಗೆ ಊಟದ ಡಬ್ಬಿ ಕೊಡಲು ಕಾರ್ಖಾನೆಗೆ ಬಂದಳು. ಮೇಸ್ತ್ರಿ ಗೇಟಿನ ಹೊರಗೆ ನಿಂತು ಬೆವರು ಒರೆಸಿಕೊಳ್ಳುತ್ತಿದ್ದ. ಅವನ ಬೆನ್ನ ಹಿಂದೆ ತಗಡು ತಂದ ಲಾರಿ ಹಿಂದಕ್ಕೆ ಬರುತ್ತಿತ್ತು. ಕ್ಲೀನರು ಕೂಗುತ್ತಿದ್ದ, ಲಾರಿಯ ಹಾರನ್ನು ಬಡಿದುಕೊಳ್ಳುತ್ತಿತ್ತು. ಮೇಸ್ತ್ರಿಗೆ ಏನೂ ಇಲ್ಲ. ಪಾಪು ಡಬ್ಬಿ ಎಸೆದು ಓಡಿಬಂದು ಅವನ ಅಂಗಿ ಹಿಡಿದು ಎಳೆದಳು. ಜೇಬು ಪರ್ರೆಂದು ಹರಿಯಿತು, ಅಪ್ಪ ಮಗಳಿಬ್ಬರೂ ಚರಂಡಿಯ ಪಕ್ಕ ಬಿದ್ದರು. ಲಾರಿ ಅವನು ನಿಂತಿದ್ದ ಜಾಗದಲ್ಲಿ ಬಂದು ನಿಂತಿತು. ಮೇಸ್ತ್ರಿ ಎದ್ದು ಅಂಗಿ ನೋಡಿಕೊಂಡು, "ಹೊಸ ಅಂಗಿ ಹೋಯ್ತಲ್ಲೇ" ಎಂದು ನಕ್ಕ. ಪಾಪು ನಗಲಿಲ್ಲ. ಮಾರನೆಯ ದಿನದಿಂದ ಬೆಳಿಗ್ಗೆ ಅಪ್ಪನನ್ನು ಕಾರ್ಖಾನೆಯ ಗೇಟಿನವರೆಗೆ ಬಿಡತೊಡಗಿದಳು, ರಜೆ ಮುಗಿದ ಮೇಲೂ ಅವನನ್ನು ಬಿಟ್ಟೇ ಶಾಲೆಗೆ ಹೋಗುವಳು. ಬೇಡ ಎಂದರೆ ದಾರಿ ಅದೇ ಎನ್ನುವಳು. ಶಾಲೆ ಇದ್ದದ್ದು ಬೇರೆ ದಿಕ್ಕಿಗೆ.

ಹತ್ತನೇ ತರಗತಿ ಶುರುವಾದ ಮೇಲೆ ಶಾಲೆಗೆ ಹೊಸ ಸಲಹೆಗಾರ್ತಿ ಬಂದರು. ಮಕ್ಕಳು ಮುಂದೆ ಏನು ಓದಬೇಕು, ಯಾವ ಕಾಲೇಜಿಗೆ ಹೋಗಬೇಕು ಎಂದು ದಾರಿ ತೋರಿಸುವುದೇ ಅವರ ಕೆಲಸ. ಅವರು ಹತ್ತನೇ ತರಗತಿಯ ಎಲ್ಲ ಪೋಷಕರನ್ನೂ ಒಂದು ಶನಿವಾರ ಮಧ್ಯಾಹ್ನ ಶಾಲೆಯ ಸಭಾಂಗಣಕ್ಕೆ ಕರೆಸಿದರು. ಕಾಲೇಜಿಗೆ ಇನ್ನೂ ಮೂರು ವರ್ಷ ಇದೆಯಲ್ಲ ಎಂದು ಕೈಕಟ್ಟಿ ಕೂರಬೇಡಿ, ಈಗ ಆರಿಸುವ ವಿಷಯಗಳ ಮೇಲೆಯೇ ಮುಂದಿನ ಬಾಗಿಲು ತೆರೆಯುತ್ತದೆ ಅಥವಾ ಮುಚ್ಚುತ್ತದೆ ಎಂದು ಅವರು ಹೇಳಿದರು. ಒಳ್ಳೆಯ ಹೆಂಗಸು, ಕಾಳಜಿಯಿಂದಲೇ ಹೇಳಿದರು. ಆದರೆ ಪರದೆಯ ಮೇಲೆ ಚಿತ್ರ ತೋರಿಸುತ್ತ ಅದರ ಕಡೆಗೇ ಮುಖ ಮಾಡಿ ಮಾತಾಡಿದರು. ಮೇಸ್ತ್ರಿಗೆ ಕಂಡದ್ದು ಅವರ ಜಡೆ ಮಾತ್ರ. ಸುತ್ತಲಿನವರು ನಕ್ಕಾಗ ಅವನೂ ನಕ್ಕ, ಒಂದು ಗಳಿಗೆ ತಡವಾಗಿ.

ಸಭೆ ಮುಗಿದ ಮೇಲೆ ಒಬ್ಬೊಬ್ಬರನ್ನೇ ಕೋಣೆಗೆ ಕರೆದರು. ಪಾಪು ನಡುವೆ ಕೂತಳು. ಮೇಡಂ ಬಹಳ ಹೊತ್ತು ಮಾತಾಡಿದರು. ಅವರ ಕೈ ಮೇಲಕ್ಕೆ ಹೋಯಿತು, ದೂರಕ್ಕೆ ಹೋಯಿತು, ಮುಖದಲ್ಲಿ ಹುರುಪಿತ್ತು. ಪಾಪು ಅಪ್ಪನ ಕಡೆ ತಿರುಗಿ ಹೇಳಿದ್ದು ಇಷ್ಟೇ: ಕಾಮರ್ಸ್ ತೆಗೆದುಕೊಂಡರೆ ಒಳ್ಳೆಯದಂತೆ, ಅದಕ್ಕೆ ಇಲ್ಲೇ ಹತ್ತಿರದಲ್ಲಿ ಒಳ್ಳೆಯ ಕಾಲೇಜಿದೆಯಂತೆ.

"ಹಡಗು?" ಎಂದ ಮೇಸ್ತ್ರಿ.

"ಅದೆಲ್ಲ ಚಿಕ್ಕವಳಿದ್ದಾಗಿನ ಮಾತು, ಅಪ್ಪ."

ಹಾಗೆಂದವಳು ಮೇಡಂ ಕಡೆ ತಿರುಗಿ ಅವನ ಪರವಾಗಿ ಏನೋ ಹೇಳಿದಳು. ಅವನಿಗೆ ಅವಳ ಕಿವಿಯೋಲೆಯೂ ಕೆನ್ನೆಯೂ ಕಂಡವು, ತುಟಿ ಕಾಣಲಿಲ್ಲ. ಮೇಡಂ ಮುಖದ ಹುರುಪು ಇಳಿದುಹೋಯಿತು. ಮೇಸ್ತ್ರಿ ಎದ್ದು ಕೈ ಮುಗಿದ. ಅವರೂ ಮುಗಿದರು, ಬಿಗಿಯಾಗಿ. ದೊಡ್ಡ ಓದಿನವರು, ತಗಡು ಬಡಿಯುವವನ ಜೊತೆ ಇನ್ನೇನು ಮಾತಾಡುತ್ತಾರೆ ಎಂದುಕೊಂಡು ಅವನು ಹೊರಗೆ ಬಂದ.

ಎರಡನೇ ಸಲ ಕರೆದಾಗ ಮೇಡಂ ಮೇಜಿನ ಮೇಲೆ ಬಾಗಿ ನೇರ ಅವನಿಗೇ ಹೇಳಿದರು. ಅಲ್ಲಲ್ಲಿ ಒಂದೊಂದು ಪದ ಅವನಿಗೆ ಸಿಕ್ಕಿತು, "ಯೋಚನೆ ಮಾಡಿ" ಅನ್ನುವುದು ಎರಡು ಸಲ. ಚೆನ್ನಾಗಿ ಓದಿಸಿ ಎನ್ನುತ್ತಿರಬೇಕು ಎಂದುಕೊಂಡು ಅವನು, "ಆಯ್ತು ಮೇಡಂ, ಖಂಡಿತ" ಎಂದ. ಅವರ ಮುಖ ಬೆಳಗಿತು. ಅಷ್ಟರಲ್ಲಿ ಪಾಪು ನಡುವೆ ಬಾಯಿ ಹಾಕಿದಳು, ಬೆಳಗಿದ್ದ ಮುಖ ಮತ್ತೆ ಆರಿತು. ಮೇಸ್ತ್ರಿ ವಿಷಯ ಆರಿಸುವ ಅರ್ಜಿಯಲ್ಲಿ ಮಗಳು ತೋರಿಸಿದ ಕಡೆ ಸಹಿ ಹಾಕಿದ.

ಮನೆಯ ಕೆಳಗಿನ ಅಂಗಡಿಯ ದರ್ಜಿಯ ಮಗನೂ ಪಾಪುವಿನ ತರಗತಿಯಲ್ಲೇ ಓದುತ್ತಿದ್ದ. ದರ್ಜಿ ಯಾವಾಗಲೂ ತುಟಿಗಳ ನಡುವೆ ಗುಂಡುಪಿನ್ನು ಕಚ್ಚಿಕೊಂಡೇ ಮಾತಾಡುವ ಮನುಷ್ಯ. ಹಾಗಾಗಿ ಇಷ್ಟು ವರ್ಷಗಳಲ್ಲಿ ಅವನ ಒಂದು ಮಾತೂ ಮೇಸ್ತ್ರಿಗೆ ತಿಳಿದದ್ದಿಲ್ಲ. ತಲೆಯಾಡಿಸಿ ಸ್ನೇಹ ಉಳಿಸಿಕೊಂಡಿದ್ದ. ಒಂದು ಭಾನುವಾರ ಮೇಸ್ತ್ರಿ ಪ್ಯಾಂಟಿನ ಅಂಚು ಹೊಲಿಸಲು ಹೋದಾಗ ದರ್ಜಿ ಬಾಯಿಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದ. ದೊಡ್ಡ ವಿಷಯವೇ ಇರಬೇಕು ಎಂದು ಮೇಸ್ತ್ರಿ ಸ್ಟೂಲು ಎಳೆದುಕೊಂಡು ಕೂತ.

"ಅಲ್ಲ ಮೇಸ್ತ್ರಿ, ನಿಮ್ಮನ್ನ ಹಾಗಂದ್ಕೊಂಡಿರ್ಲಿಲ್ಲ ನಾನು" ಎಂದ ದರ್ಜಿ. "ಹಡಗಿನ ಕಾಲೇಜಿಗೆ ಈಗ್ಲಿಂದ್ಲೇ ತಯಾರು ಮಾಡ್ತೀನಿ, ಈ ಹುಡುಗಿ ಕೈಲಿ ಆಗತ್ತೆ ಅಂತ ಮೇಡಂ ಅಷ್ಟು ಹೇಳಿದ್ರೂ ಬೇಡ ಅಂದ್ರಂತಲ್ಲ?"

ಮೇಸ್ತ್ರಿ ಇನ್ನೊಮ್ಮೆ ಹೇಳಲು ಹೇಳಿದ. ತುಟಿ ತಪ್ಪಾಗಿ ಓದಿದೆನೇನೋ ಎಂದು ಮತ್ತೂ ಒಮ್ಮೆ ಹೇಳಿಸಿದ. ದರ್ಜಿಗೂ ಗಾಬರಿಯಾಯಿತು. ತಾನು ಮಗನ ಜೊತೆ ಸರದಿಗಾಗಿ ಬಾಗಿಲ ಹೊರಗೆ ನಿಂತಿದ್ದೆ, ಕಿವಿಗೆ ಬಿತ್ತು, ಕದ್ದು ಕೇಳಿದ್ದಲ್ಲ ಎಂದು ಮೊದಲೇ ಹೇಳಿಕೊಂಡ. ಆಮೇಲೆ ಪಾಪು ಹೇಳಿದ್ದನ್ನು ಹಾಗೆಯೇ ಹೇಳಿದ: ಅಪ್ಪನಿಗೆ ಇಷ್ಟ ಇಲ್ಲ, ಹೆಣ್ಣುಮಗಳನ್ನ ಅಷ್ಟು ದೂರ ಕಳಿಸೋದಿಲ್ಲ ಅಂತಾರೆ.

ಮೇಸ್ತ್ರಿಗೆ ಮೊದಲು ಬಂದದ್ದು ಸಿಟ್ಟು. ತನ್ನ ಬಾಯಲ್ಲಿ ಇಂಥ ಮಾತು ಇಟ್ಟಳಲ್ಲ, ಮೇಡಂ ಕಣ್ಣಲ್ಲಿ ತಾನು ಎಂಥವನಾಗಿಬಿಟ್ಟೆ ಎಂದು ಮೈ ಉರಿಯಿತು. ಪ್ಯಾಂಟು ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿದ. ಅರ್ಧ ಹತ್ತುವಷ್ಟರಲ್ಲಿ ಲಾರಿಯ ದಿನ ನೆನಪಾಯಿತು. ಪಕ್ಕದ ಕಂಬಿ ಹಿಡಿದು ಅಲ್ಲೇ ಕೂತುಬಿಟ್ಟ. ಮೇಲಿನ ಮನೆಯವರೊಬ್ಬರು ಇಳಿದು ಬಂದು ಏನೋ ಕೇಳಿದರು. ಅವನು ತಲೆಯಾಡಿಸಿದ, ಅವರು ದಾಟಿಕೊಂಡು ಹೋದರು.

ಮನೆಯಲ್ಲಿ ಹೆಂಡತಿ ಬಟ್ಟೆ ಮಡಚುತ್ತಿದ್ದಳು, ಪಾಪು ಅಂಗಡಿಗೆ ಹೋಗಿದ್ದಳು. ಅವನು ಎಲ್ಲವನ್ನೂ ಹೇಳಿದ. ಹೆಂಡತಿಗೆ ಆಶ್ಚರ್ಯವೇ ಆಗಲಿಲ್ಲ.

"ಗೊತ್ತಿತ್ತಾ ನಿಂಗೆ?"

ಅವಳು ಕೈಯಲ್ಲಿದ್ದ ಟವೆಲನ್ನು ಮತ್ತೆ ಬಿಡಿಸಿ ಮತ್ತೆ ಮಡಚಿದಳು. ಆಮೇಲೆ ಅವನ ಎದುರಿಗೆ ಬಂದು ಕೂತು, ಬಹಳ ದಿನಗಳ ಮೇಲೆ ಅವನ ಮುಖ ನೋಡಿ ಮಾತಾಡಿದಳು. "ನಂಗೆ ಹೇಳಿದ್ಳು. ಬೇಡ ಕಣೇ ಅನ್ನೋಕೂ ಬಾಯಿ ಬರ್ಲಿಲ್ಲ, ಹೂಂ ಅನ್ನೋಕೂ ಬರ್ಲಿಲ್ಲ. ನಾನು ಕತ್ಲಲ್ಲೇ ಎದ್ದು ಹೋಗ್ತೀನಿ. ಅವ್ಳೂ ಇಲ್ದೆ ಹೋದ್ರೆ ನೀವು ಹೇಗೆ ಅಂತ ನಂಗೂ ಭಯ ರೀ. ಒಳಗೊಳಗೇ ಸಮಾಧಾನ ಆಯ್ತು. ಅದಕ್ಕೇ ಅವತ್ತಿಂದ ಅವಳ ಮುಖ ನೋಡೋಕಾಗ್ತಿಲ್ಲ."

ಮೇಸ್ತ್ರಿ ಅವಳನ್ನು ಬೈಯಲಿಲ್ಲ. ಬೈಯಲು ಏನಿತ್ತು? ಮಾರನೆಯ ದಿನ ರಜೆ ಹಾಕಿ ಕಿವಿಯ ಆಸ್ಪತ್ರೆಗೆ ಹೋದ. ಹಿಂದೆ ಎಷ್ಟು ಸಲ ಹೇಳಿದರೂ ಹೋಗದವನು. ಅಲ್ಲಿನ ಹುಡುಗಿ ಗಾಜಿನ ಕೋಣೆಯಲ್ಲಿ ಕೂರಿಸಿ, ಕೇಳಿದಾಗ ಗುಂಡಿ ಒತ್ತಿ ಎಂದಳು. ಅವನು ಊಹೆಯ ಮೇಲೆ ಒತ್ತಿದ. ನರವೇ ಸತ್ತಿದೆ, ಯಂತ್ರ ಸದ್ದನ್ನು ದೊಡ್ಡದು ಮಾಡುತ್ತದೆ, ಮಾತನ್ನು ಬಿಡಿಸಿ ಕೊಡಲಾರದು ಎಂದು ಡಾಕ್ಟರು ಮೊದಲೇ ಹೇಳಿದರು. ಆದರೂ ಹಾಕಿಸಿಕೊಂಡ. ರಸ್ತೆಗೆ ಬಂದರೆ ಬಸ್ಸು, ಹಾರನ್ನು, ಚಪ್ಪಲಿ, ಗಾಳಿ ಎಲ್ಲ ಒಂದೇ ತಪ್ಪಲೆಯಲ್ಲಿ ಚಮಚ ಹಾಕಿ ಅಲ್ಲಾಡಿಸಿದ ಹಾಗೆ. ಯಾವ ಸದ್ದು ಯಾವ ಕಡೆಯಿಂದ ಎಂದು ತಿಳಿಯಲಿಲ್ಲ. ಮನೆಗೆ ಬಂದಾಗ ಪಾಪು ಓಡಿಬಂದು, ಅವನ ಬೆನ್ನ ಹಿಂದೆ ನಿಂತು, "ಅಪ್ಪಾ" ಎಂದಳು. ಅವನು ತಿರುಗಿದ. ಅವಳ ಮುಖ ಅರಳಿತು. ಅವನಿಗೆ ಕೇಳಿಸಿದ್ದು ತಗಡು ಗೀರಿದ ಸದ್ದು. ಅದು ಮಗಳ ದನಿ ಎಂದು ಗೊತ್ತಾದದ್ದು ತಿರುಗಿ ನೋಡಿದ ಮೇಲೆ.

ಆ ವಾರ ಮಗಳಿಗೆ ಹೇಳದೆ ಒಬ್ಬನೇ ಶಾಲೆಗೆ ಹೋದ. ಸಲಹೆಗಾರ್ತಿ ಕೋಣೆಯಲ್ಲಿದ್ದರು. ಅವನು ಬಾಗಿಲಲ್ಲೇ ನಿಂತು, "ನಾನು ಬೇಡ ಅಂದಿಲ್ಲ ಮೇಡಂ" ಎಂದ. ಸದ್ದಿನಲ್ಲಿ ದುಡಿದವನ ದನಿ, ಪಡಸಾಲೆಯ ಆ ತುದಿಯ ಮಕ್ಕಳೂ ತಿರುಗಿ ನೋಡಿದರು. ಮೇಡಂ ಅವನನ್ನು ಒಳಗೆ ಕರೆದು ಬಾಗಿಲು ಹಾಕಿದರು. ಅವನು ಕಿವಿ ಮುಟ್ಟಿ ತೋರಿಸಿದ. ಅವರು ಎದ್ದು, ಕುರ್ಚಿಯನ್ನು ಕಿಟಕಿಯ ಬೆಳಕಿಗೆ ಎಳೆದುಕೊಂಡು ಅವನಿಗೆ ಮುಖ ಕೊಟ್ಟು ಕೂತರು. ಹುಡುಗಿ ಯಾವತ್ತೂ ಹೇಳಿರಲಿಲ್ಲ, ನಿಮಗೆ ಮಾತು ಕಡಿಮೆ ಅಂದುಕೊಂಡಿದ್ದೆ ಎಂದರು.

ಅವರು ಎಲ್ಲವನ್ನೂ ನಿಧಾನಕ್ಕೆ ಬಿಡಿಸಿ ಹೇಳಿದರು. ಆ ಕಾಲೇಜಿಗೆ ಹೋಗಬೇಕಾದರೆ ಮುಂದಿನ ಎರಡು ವರ್ಷ ಭೌತಶಾಸ್ತ್ರ, ಗಣಿತ, ಜೊತೆಗೆ ಯಂತ್ರಗಳ ನಕ್ಷೆ ಬರೆಯುವ ವಿಷಯ ಬೇಕು. ನಕ್ಷೆಯ ತರಗತಿ ಊರಿನ ಇನ್ನೊಂದು ತುದಿಯ ಶಾಲೆಯಲ್ಲಿ, ಬೆಳಿಗ್ಗೆ ಬೇಗ. ಬೇಸಿಗೆಯಲ್ಲಿ ಹತ್ತನೆಯವರಿಗೆಂದೇ ಆ ಕಾಲೇಜು ಶಿಬಿರ ನಡೆಸುತ್ತದೆ, ಅಲ್ಲಿಗೆ ಹೋಗಿಬಂದರೆ ಒಳ್ಳೆಯದು. ಆಮೇಲೆ ಪ್ರವೇಶ ಪರೀಕ್ಷೆ. ಹನ್ನೊಂದಕ್ಕೆ ಬಂದ ಮೇಲೆ ನೋಡೋಣ ಅಂದರೆ ತಡವಾಗುತ್ತದೆ. ತಿಂಗಳ ಕೊನೆಯವರೆಗೆ ವಿಷಯ ಬದಲಾಯಿಸಬಹುದು.

"ಹಾಗಾದ್ರೆ ಬದ್ಲಾಯ್ಸಿ ಮೇಡಂ. ನಾನು ಹೇಳ್ತಿದೀನಲ್ಲ."

"ನಿಮ್ಮ ಒಪ್ಪಿಗೆ ಬೇಕು ನಿಜ" ಎಂದರು ಮೇಡಂ. "ಆದ್ರೆ ಆಸೆ ಅವಳದ್ದಾಗಿರ್ಬೇಕು. ನಿನ್ನೆ ಮತ್ತೆ ಕೇಳ್ದೆ. ಬೇಡ ಅಂದ್ಳು. ಅವಳೇ ಬೇಡ ಅಂದ್ರೆ ನಾನೇನು ಮಾಡ್ಲಿ, ಹೇಳಿ?"

ಅವಳ ಹತ್ತಿರ ತಾನೇ ಮಾತಾಡುತ್ತೇನೆ ಎಂದು ಹೇಳಿ ಮೇಸ್ತ್ರಿ ಎದ್ದ.

ಆ ಸಂಜೆ ಅಡುಗೆಮನೆಯ ಮೇಜಿನಲ್ಲಿ ಪಾಪು ಓದುತ್ತಿದ್ದಳು, ಅವಳ ಅಮ್ಮ ಒಲೆಯ ಹತ್ತಿರ ನಿಂತಿದ್ದಳು. ಮೇಸ್ತ್ರಿ ಎದುರಿಗೆ ಕೂತು, ಇವತ್ತು ಮೇಡಂ ಅವರನ್ನು ನೋಡಿಬಂದೆ ಎಂದ. ಪಾಪುವಿನ ಪೆನ್ನು ನಿಂತಿತು. ನಾನು ಯಾವಾಗ ಬೇಡ ಅಂದೆ ಎಂದು ಕೇಳಿದ. ನನ್ನ ಬಾಯಲ್ಲಿ ಯಾಕೆ ಆ ಮಾತು ಇಟ್ಟೆ ಎಂದು ಕೇಳಿದ. ನನಗೋಸ್ಕರ ನೀನು ಹೀಗೆ ಮಾಡಿದರೆ ನಾನು ದಿನಾ ಹೇಗೆ ಉಣ್ಣಲಿ ಎಂದೂ ಕೇಳಿದ. ದನಿ ಎಷ್ಟು ಜೋರಾಗಿದೆ ಎಂದು ಅವನಿಗೆ ತಿಳಿಯಲಿಲ್ಲ, ಹೆಂಡತಿ ಕಿಟಕಿ ಮುಚ್ಚಿದಳು.

ಆಗ ಪಾಪು ಎದ್ದು ಗೋಡೆಯ ಕಡೆ ಮುಖ ಮಾಡಿ ನಿಂತಳು. ನಿಂತು ಮಾತಾಡಿದಳು. ಬಹಳ ಹೊತ್ತು ಮಾತಾಡಿದಳು. ಅವಳ ಭುಜ ಅಲುಗುವುದು, ಜಡೆ ನಡುಗುವುದು, ಒಂದು ಕೈ ಗೋಡೆಯನ್ನು ಉಜ್ಜುವುದು ಅವನಿಗೆ ಕಂಡಿತು. ಕಿವಿಯ ಯಂತ್ರದ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದ. ಒಲೆಯ ಮೇಲಿನ ಎಣ್ಣೆಯ ಚಟಪಟ ತಲೆಯೊಳಗೆ ಸುರಿಯಿತು, ಅದರ ಹಿಂದೆ ಎಲ್ಲೋ ಗೀರುವ ಒಂದು ಸದ್ದು.

"ಈ ಕಡೆ ತಿರುಗಿ ಹೇಳು ಪಾಪು."

ಅವಳು ಮುಖ ಒರೆಸಿಕೊಂಡು ತಿರುಗಿದಳು. "ಏನಿಲ್ಲ ಅಪ್ಪ. ಕಾಮರ್ಸೇ ನಂಗಿಷ್ಟ."

ಅವಳು ಗೋಡೆಗೆ ಹೇಳಿದ್ದನ್ನೆಲ್ಲ ಕೇಳಿದವಳು ಅವಳಮ್ಮ ಒಬ್ಬಳೇ. ಏನಂದಳು ಎಂದು ಮೇಸ್ತ್ರಿ ಆಮೇಲೆ ಹೆಂಡತಿಯನ್ನು ಎಷ್ಟೋ ಸಲ ಕೇಳಿದ. ಕೇಳಿದಾಗಲೆಲ್ಲ ಅವಳು ಕಣ್ಣು ಒರೆಸಿಕೊಂಡು ಒಲೆಯ ಕಡೆ ತಿರುಗುತ್ತಿದ್ದಳು. ಕೊನೆಗೆ ಅವನು ಕೇಳುವುದನ್ನು ಬಿಟ್ಟ.

ಆದರೆ ಸೋಲೊಪ್ಪುವ ಆಸಾಮಿ ಅಲ್ಲ ಅವನು. ಜಗಳದ ಮರುದಿನ ಬೆಳಿಗ್ಗೆಯೇ ಒಂದು ಒಪ್ಪಂದ ಮುಂದಿಟ್ಟ. ತಿಂಗಳ ಕೊನೆಯವರೆಗೆ ತಾನು ಒಬ್ಬನೇ ಕಾರ್ಖಾನೆಗೆ ಹೋಗಿಬರುತ್ತೇನೆ, ಪಾಪು ಜೊತೆಗೆ ಬರಕೂಡದು. ತನಗೇನೂ ಆಗದಿದ್ದರೆ ಅವಳು ಮೇಡಂ ಹತ್ತಿರ ಹೋಗಿ ಹಡಗು ಎಂದು ಹೇಳಬೇಕು. ಪಾಪು ಯೋಚಿಸಿ, ಆಗಲಿ ಎಂದಳು. ಅಷ್ಟು ಸುಲಭವಾಗಿ ಒಪ್ಪಿದಳಲ್ಲ ಎಂದು ಅವನಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ಆ ದಿನಗಳಲ್ಲಿ ಮೇಸ್ತ್ರಿ ನಡೆಯುವುದನ್ನು ಹೊಸದಾಗಿ ಕಲಿತ. ರಸ್ತೆ ದಾಟುವ ಕಡೆ ಬೇರೆಯವರ ಕಾಲು ನೋಡುವುದು, ಅವರು ಹೆಜ್ಜೆ ಎತ್ತಿದರೆ ತಾನೂ ಎತ್ತುವುದು. ಯಾರೂ ಇಲ್ಲದಿದ್ದರೆ ಯಾರಾದರೂ ಬರುವವರೆಗೆ ಕಾಯುವುದು. ಅಂಗಡಿಗಳ ಗಾಜಿನಲ್ಲಿ ಹಿಂದಿನ ಗಾಡಿ ನೋಡುವುದು. ಕಾರ್ಖಾನೆಯ ಗೇಟು ಮುಟ್ಟಿದಾಗ ಪರೀಕ್ಷೆ ಪಾಸಾದ ಹುಡುಗನ ಹಾಗೆ ಬೀಗುತ್ತಿದ್ದ. ಸಂಜೆ ಬಂದು, ಇವತ್ತೂ ಕೈಕಾಲು ಎಲ್ಲ ಇದೆ, ಎಣಿಸಿಕೋ ಎಂದು ಹೆಂಡತಿಗೆ ಹೇಳುವನು. ಅವಳೂ ನಗುವಳು. ಮನೆಯಲ್ಲಿ ಸ್ವಲ್ಪ ಗೆಲುವು ಬಂದಿತ್ತು.

ಹೀಗೇ ಒಂದು ಬೆಳಿಗ್ಗೆ ಪೀಠೋಪಕರಣದ ಅಂಗಡಿಯ ಮುಂದೆ ಆಳುಗಳು ವ್ಯಾನಿನಿಂದ ಒಂದು ಬೀರು ಇಳಿಸುತ್ತಿದ್ದರು. ಅದರ ಬಾಗಿಲಿಗೆ ಆಳೆತ್ತರದ ಕನ್ನಡಿ. ಮೇಸ್ತ್ರಿ ಅದರಲ್ಲಿ ಹಿಂದಿನ ರಸ್ತೆ ನೋಡಿದ. ಪಾದಚಾರಿಗಳ ನಡುವೆ, ಬೆನ್ನಿಗೆ ಶಾಲೆಯ ಚೀಲ, ಕೂದಲು ಬಾಚದೆ ಗಂಟು ಹಾಕಿಕೊಂಡು, ಪಾಪು ಬರುತ್ತಿದ್ದಳು. ಅವನು ನಿಂತದ್ದು ಕಂಡು ಅವಳೂ ನಿಂತಳು. ನಿಂತಿದ್ದ ಕಾರೊಂದರ ಮರೆಗೆ ಸರಿದಳು.

ತಿರುಗಿ ಕರೆಯಬಹುದಿತ್ತು. ಬೈಯಬಹುದಿತ್ತು. ಅವನು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುವವನ ಹಾಗೆ ಮಾಡಿ ಯೋಚಿಸಿದ. ಕರೆದರೆ ಇವತ್ತಿಗೇ ಎಲ್ಲ ಮುಗಿಯಿತು. ಕರೆಯದಿದ್ದರೆ, ತಿಂಗಳ ಕೊನೆಗೆ ಏನೂ ಆಗಿಲ್ಲ ಎಂದಾದರೆ, ಅವಳಿಗೇ ಧೈರ್ಯ ಬಂದು ಹೋಗಿ ಹೇಳಿಯಾಳು. ಅವಳು ನೋಡಲಿ, ಚೆನ್ನಾಗಿಯೇ ನೋಡಲಿ. ಎದ್ದು ಬೆನ್ನು ನೇರ ಮಾಡಿಕೊಂಡು ನಡೆದ. ಮಗಳು ನೋಡುತ್ತಿದ್ದಾಳೆ ಎಂದು ಗೊತ್ತಾದ ಮೇಲೆ ಕಾಲು ಸರಾಗ ಬರಲಿಲ್ಲ. ರಸ್ತೆ ದಾಟುವ ಕಡೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತ. ಅಂದು ಕೆಲಸದಲ್ಲಿ ಒಂದು ಹಾಳೆ ತಗಡನ್ನು ಅಡ್ಡಾದಿಡ್ಡಿ ಕತ್ತರಿಸಿ ಕೆಡಿಸಿದ. ಯಾವತ್ತೂ ಹಾಗೆ ಮಾಡಿದವನಲ್ಲ.

ತಿಂಗಳು ಮುಗಿಯಲು ಒಂದೇ ದಿನ ಉಳಿಯಿತು. ಅವನಿಗೆ ಒಂದು ಗೀರೂ ಆಗಿರಲಿಲ್ಲ. ಸಂಜೆ ಮಗಳನ್ನು ಎದುರಿಗೆ ಕೂರಿಸಿಕೊಂಡು, "ನೋಡಿದ್ಯಾ?" ಎಂದ. "ಇನ್ನು ಮೇಡಂ ಹತ್ರ ಹೋಗು."

"ಹೋಗ್ಬಂದೆ ಅಪ್ಪ, ಬೆಳಿಗ್ಗೇನೇ."

ಅವನ ಎದೆ ಹಗುರಾಯಿತು. ಒಂದು ಗಳಿಗೆ ಮಾತ್ರ.

"ಕಾಮರ್ಸೇ ಇರ್ಲಿ ಅಂತ ಹೇಳ್ಬಂದೆ."

ಅವನು ಅವಳನ್ನೇ ನೋಡಿದ. ಅವಳು ಅವನ ಮಣಿಕಟ್ಟು ಹಿಡಿದು, ತುಟಿ ಬಿಡಿಸಿ, ನಿಧಾನಕ್ಕೆ ಹೇಳಿದಳು. "ನಾನು ದಿನಾ ಹಿಂದೇನೇ ಬರ್ತಿದ್ದೆ. ಸೋಮವಾರ ಗಲ್ಲಿಯಿಂದ ಹಾಲಿನ ವ್ಯಾನು ಬಂತು. ನೀವು ಎಲ್ಲ ಕಡೆ ನೋಡಿದ್ರಿ, ಆ ಕಡೆ ನೋಡ್ಲಿಲ್ಲ. ನಾನು ಓಡಿ ಅಡ್ಡ ನಿಂತೆ, ಅವ್ನು ಬ್ರೇಕ್ ಹಾಕಿ ಬೈದ. ನೀವು ಹಾಗೇ ದಾಟ್ಕೊಂಡು ಹೋದ್ರಿ ಅಪ್ಪ. ನಿಮಗೆ ಗೊತ್ತೇ ಆಗ್ಲಿಲ್ಲ."

ಮೇಸ್ತ್ರಿಗೆ ಸೋಮವಾರ ನೆನಪಿತ್ತು. ಅಂದೇ ಅವನು ಗೇಟಿನ ಹತ್ತಿರ ಅತಿ ಹೆಚ್ಚು ಬೀಗಿದ್ದು. ಏನಾದರೂ ಹೇಳಬೇಕು ಎಂದು ಬಾಯಿ ತೆರೆದ. "ಅಪ್ಪ ಹೇಳಿದ್ದು ಕೇಳೋದಿಲ್ವಾ ನೀನು?" ಎಂದು ಗದರಿದ. ಗದರಿದ ಮೇಲೆ ಆ ಪ್ರಶ್ನೆಯನ್ನು ಯಾರು ಯಾರಿಗೆ ಕೇಳುತ್ತಿದ್ದಾರೆ ಎಂದು ಇಬ್ಬರಿಗೂ ಒಟ್ಟಿಗೇ ಹೊಳೆದು ನಗು ಬಂತು. ನಗು ನಿಂತ ಮೇಲೆ ಪಾಪು ತಟ್ಟೆ ಹಾಕಲು ಎದ್ದಳು.

ಹನ್ನೊಂದನೇ ತರಗತಿ ಶುರುವಾಯಿತು. ದರ್ಜಿಯ ಮಗ ವಿಜ್ಞಾನ ತೆಗೆದುಕೊಂಡ, ಭೌತಶಾಸ್ತ್ರ ತಲೆಗೆ ಹತ್ತುತ್ತಿಲ್ಲ ಎಂದು ಅವರಪ್ಪನಿಗೆ ಚಿಂತೆ. ಪಾಪು ಜಮಾಖರ್ಚಿನ ಪಾಠದಲ್ಲಿ ತರಗತಿಗೇ ಮೊದಲು ಬಂದಳು. ಬಂದವರೆಲ್ಲ ಮೆಚ್ಚಿದರು, ಕೆಲಸ ಗ್ಯಾರಂಟಿ ಎಂದರು. ಊಟಕ್ಕೆ ಕೂತಾಗ ಅವಳು ತಟ್ಟೆ ಲೋಟ ಇಟ್ಟು ಏನನ್ನೂ ವಿವರಿಸುವುದಿಲ್ಲ. ಬೇಜಾರಿನಲ್ಲಿದ್ದಾಳೆ ಎಂದು ಹೇಳಲಾಗದು. ಗೆಳತಿಯರ ಜೊತೆ ನಗುತ್ತಾಳೆ, ಅಮ್ಮನ ಜೊತೆ ಜಗಳವಾಡುತ್ತಾಳೆ, ಬೆಳಿಗ್ಗೆ ಅಪ್ಪನ ತೋಳು ಹಿಡಿದು ಕಾರ್ಖಾನೆಗೆ ಬಿಡುತ್ತಾಳೆ. ಒಳಗೆ ಏನಿದೆ ಎಂದು ಮೇಸ್ತ್ರಿಗೆ ತಿಳಿಯದು. ಎದುರಿಗೆ ನಿಂತು ಹೇಳಿದ್ದಷ್ಟೇ ಅವನಿಗೆ ದಕ್ಕುವುದು.

ಮೊನ್ನೆ ಅಪ್ಪ ಮಗಳು ತರಕಾರಿ ತರಲು ಹೋದಾಗ ಮಾರುಕಟ್ಟೆಯಲ್ಲಿ ಸಲಹೆಗಾರ್ತಿ ಮೇಡಂ ಸಿಕ್ಕರು. ಗದ್ದಲ, ಜನ, ತಲೆಯ ಮೇಲೆ ಬುಟ್ಟಿ ಹೊತ್ತವರು. ಮೇಡಂ ಚೀಲ ಕೆಳಗಿಟ್ಟು, ಮೊದಲು ಪಾಪುವಿಗೆ, ಆಮೇಲೆ ನೆನಪಾಗಿ ಅವನ ಕಡೆ ಮುಖ ತಿರುಗಿಸಿ ಏನೋ ಹೇಳಿದರು. ನಡುವೆ ಒಬ್ಬ ಗಾಡಿ ತಳ್ಳಿಕೊಂಡು ಹಾದುಹೋದ. ಮೇಸ್ತ್ರಿಗೆ ಸಿಕ್ಕಿದ್ದು "ಇನ್ನೂ" ಅನ್ನುವುದು, ಆಮೇಲೆ "ದಾರಿ" ಅನ್ನುವುದು. ಅವನು ತಲೆಯಾಡಿಸಿದ. ಅವರು ಪಾಪುವಿನ ಭುಜ ತಟ್ಟಿ ಹೊರಟುಹೋದರು.

"ಏನಂದ್ರು?" ಎಂದು ಕೇಳಿದ.

ಪಾಪು ಅವನ ಎದುರಿಗೆ ಬಂದು ನಿಂತು, ತುಟಿ ಬಿಡಿಸಿ ಹೇಳಿದಳು. "ಏನಿಲ್ಲ ಅಪ್ಪ. ಆರೋಗ್ಯ ಹೇಗಿದೆ ಅಂತ ಕೇಳಿದ್ರು."

ಮೇಸ್ತ್ರಿ ಮಗಳ ಮುಖವನ್ನೇ ನೋಡಿದ. "ಹೌದಾ" ಎಂದು, ಅವಳ ಕೈಯಿಂದ ಚೀಲ ತೆಗೆದುಕೊಂಡ. ಅವಳು ಎರಡೂ ಕಡೆ ನೋಡಿ, ಅವನ ತೋಳು ಹಿಡಿದು ರಸ್ತೆಗೆ ಇಳಿದಳು.